ತಂಪಿನ ಕಂತು

ನನ್ನ ಹಳೆಯ ಸರ್ವೆ ಪುಸ್ತಕದ ನಲವತ್ತೊಂದನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಒಂದು ಸಾಲಿದೆ: ‘1188 — ಹಿಂದೆ ಒಲೆ’. ಕೊನೆಯಲ್ಲಿ ಒಂದು ಪ್ರಶ್ನೆಯ ಚಿಹ್ನೆಯೂ ಇತ್ತು. ಈಗ ಅಲ್ಲಿ ರಬ್ಬರು ತಿಕ್ಕಿದ ಗುರುತು ಮಾತ್ರ ಉಳಿದಿದೆ. ಆ ಚಿಹ್ನೆಯನ್ನು ಹಾಕಿದವಳೂ ನಾನೇ, ಎರಡು ವರ್ಷ ಎರಡು ತಿಂಗಳ ಮೇಲೆ ಅಳಿಸಿದವಳೂ ನಾನೇ.

ನಮ್ಮ ಬಿಳಿಗುಂಡಗಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಊರು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಇಲ್ಲಿ ಮೇ ತಿಂಗಳ ಬಿಸಿಲು ನಲವತ್ತೇಳು, ನಲವತ್ತೆಂಟು ಡಿಗ್ರಿಗೆ ಬಂದು ನಿಂತಿತ್ತು. ಮಧ್ಯಾಹ್ನ ಕಾಗೆ ಕೂಡ ಹಾರುತ್ತಿರಲಿಲ್ಲ. ಮನೆಗಳು ಬಿಸಿಲನ್ನು ತಡೆಯುವಂತೆ ಮಾಡಬೇಕು, ಆದರೆ ಜನರ ಕೈಯಲ್ಲಿ ದುಡ್ಡಿಲ್ಲ. ಆಗ ನಗರಸಭೆಗೆ ಹೊಳೆದದ್ದು ಇದು: ಎಲ್ಲರ ಹತ್ತಿರ ದುಡ್ಡು ಇಲ್ಲದಿದ್ದರೂ ಎಲ್ಲರ ಮೇಲೂ ಒಂದು ಮಾಳಿಗೆ ಇದೆಯಲ್ಲ; ಸಾಲವನ್ನು ಮನುಷ್ಯರಿಗೆ ಕೊಡುವ ಬದಲು ಮಾಳಿಗೆಗೆ ಕೊಟ್ಟು, ಮಾಳಿಗೆಯಿಂದಲೇ ತೀರಿಸಿಕೊಂಡರೆ ಹೇಗೆ?

ಯಂತ್ರ ಸರಳವಾದದ್ದು. ಬಿಸಿಯಾದ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಕಿರಣಗಳಾಗಿ ತನ್ನ ಕಾವನ್ನು ಹೊರಹಾಕುತ್ತದೆ. ಅದರಲ್ಲಿ ಹೆಚ್ಚಿನದನ್ನು ಗಾಳಿ ಹೀರಿಕೊಂಡು ನಮಗೇ ಹಿಂದಿರುಗಿಸುತ್ತದೆ. ಆದರೆ ಎಂಟರಿಂದ ಹದಿಮೂರು ಮೈಕ್ರಾನಿನ ಒಂದು ಪಟ್ಟಿಯಲ್ಲಿ ಗಾಳಿ ತೆರೆದ ಕಿಟಕಿಯಿದ್ದಂತೆ. ಆ ಕಿಟಕಿಯಿಂದ ಹೋದ ಕಾವು ನೇರವಾಗಿ ಬಾಹ್ಯಾಕಾಶ ಸೇರುತ್ತದೆ. ಬಿಸಿಲನ್ನು ಹಿಂದಕ್ಕೆಸೆದು ಈ ಪಟ್ಟಿಯಲ್ಲಿ ಮಾತ್ರ ಕಾವನ್ನು ಉಗುಳುವ ಬಿಳಿ ಹಲಗೆಗಳನ್ನು ಮಾಳಿಗೆಯ ಮೇಲೆ ಹೊದಿಸುತ್ತಿದ್ದೆವು. ಅದರ ಕೆಳಗೆ ಇಪ್ಪತ್ತನಾಲ್ಕು ಡಿಗ್ರಿಗೆ ಹೆಪ್ಪುಗಟ್ಟುವ ಮೇಣದ ತೊಟ್ಟಿ. ರಾತ್ರಿಯೆಲ್ಲ ಹೆಪ್ಪುಗಟ್ಟಿದ ಮೇಣ ಹಗಲಿಗೆ ತಂಪು ಕೊಡುತ್ತಿತ್ತು. ಪ್ರತಿ ಕೋಣೆಯ ಸೂರಿನಲ್ಲೂ ನೀರಿನ ಕೊಳವೆ, ಅದಕ್ಕೊಂದು ಕವಾಟ. ಮನೆಯ ಪಾಲು ಮನೆಗೆ. ಮಿಕ್ಕ ತಂಪು ಬೀದಿಯ ಕೊಳವೆಯಲ್ಲಿ ಹರಿದು ಹಳೆಯ ಫರ್ಸಿ ಗಣಿಗೆ ಹೋಗುತ್ತಿತ್ತು. ಅದಕ್ಕೆ ಮುಚ್ಚಳ ಹಾಕಿ ನೀರು ತುಂಬಿಸಿ ‘ತಂಪು ಹೊಂಡ’ ಮಾಡಿದ್ದೆವು. ಆಸ್ಪತ್ರೆ, ಅಂಗನವಾಡಿ, ತರಕಾರಿ ಮಾರುಕಟ್ಟೆ ಎಲ್ಲವೂ ಅದರ ಮೇಲೆ ನಡೆಯುತ್ತಿದ್ದವು. ಹೀಗೆ ಹೊಂಡಕ್ಕೆ ಹರಿದ ತಂಪೇ ಸಾಲದ ಕಂತು. ಹನ್ನೆರಡು ವರ್ಷ. ಮನೆ ಮಾರಿದರೆ ಕೊಂಡವರ ತಲೆಗೆ. ಕಾಗದದಲ್ಲಿ ಅದರ ಹೆಸರು ‘ತಂಪು ಸಾಲ’, ಜನರ ಬಾಯಲ್ಲಿ ‘ಥಂಡಿ ಸಾಲ’.

ಯಾವ ಮನೆಗೆ ಎಷ್ಟು ಪಾಲು ಎನ್ನುವ ಸೂತ್ರ ಬರೆದವಳು ನಾನು. ಜನರಿರುವ ಕೋಣೆಗೆ ತಂಪು ಬಿಡು, ಉಗ್ರಾಣಕ್ಕೆ ಬಿಡಬೇಡ. ಸೂತ್ರದಲ್ಲಿ ತಪ್ಪಿರಲಿಲ್ಲ. ಇವತ್ತಿಗೂ ಇಲ್ಲ.

ಮಾರ್ಚ್ ಇಪ್ಪತ್ತೆಂಟರಂದು ನಾನು 1188ನೆಯ ಮನೆಯ ಸರ್ವೆಗೆ ಹೋದೆ. ಮನೆಯ ಯಜಮಾನ ಅಣವೀರಪ್ಪ, ಒಂದು ಕಾಲಕ್ಕೆ ಗಣಿಯಲ್ಲಿ ಆಳುಗಳ ಮುಕಾದಮರಾಗಿದ್ದವರು.

“ಒಳಗ ಬರ್ರಿ ಮೇಡಂರೀ. ಮೊದ್ಲ ನೀರ ಕುಡೀರಿ, ಆಮ್ಯಾಲ ಸರ್ಕಾರದ ಕೆಲಸ. ಸರ್ಕಾರ ಎಲ್ಲೀ ಓಡಿ ಹೋಗೂದಿಲ್ಲ.”

ನೀರು ಕುಡಿದು ಅಳತೆ ಶುರು ಮಾಡಿದೆ. ಎರಡಡಿ ದಪ್ಪದ ಮಣ್ಣಿನ ಮಾಳಿಗೆ. ಹೊರಗಿನಿಂದ ಮನೆಯ ಉದ್ದ ನಲವತ್ತಾರು ಅಡಿ. ಒಳಗೆ ಇಪ್ಪತ್ತೆಂಟಕ್ಕೇ ಮುಗಿದು ಒಂದು ಗೋಡೆ ಎದುರಾಯಿತು. ಉಳಿದ ಗೋಡೆಗಳಿಗಿಂತ ಹೊಸದು. ಅದರ ಹಿಂದಿನಿಂದ ಟಪ್ ಟಪ್ ಎಂದು ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು, ಒಂದೇ ಲಯದಲ್ಲಿ, ಎಲ್ಲೂ ತಪ್ಪದೆ.

“ಈ ಗ್ವಾಡಿ ಹಿಂದ ಯಾರಿದ್ದಾರ್ರಿ?” ಎಂದು ಕೇಳಿದೆ.

ಸಪ್ಪಳ ನಿಂತಿತು.

“ನಮ್ಮ ತಮ್ಮನ ಹೇಣ್ತಿರೀ, ಜಗದೇವಿ. ತಮ್ಮ ಹೋಗಿ ಐದು ವರ್ಷ ಆತು. ಅಕಿ ಹಿಂದಿನ ಓಣಿಗಿ ಬಾಗಲ ಮಾಡ್ಕೊಂಡಾಳ. ಒಲಿ ಬ್ಯಾರೆ, ಮನಿ ಒಂದೇ.”

“ಉತಾರ?”

“ಅದೂ ಒಂದೇ. ಇನ್ನಾ ನಮ್ಮಪ್ಪನ ಹೆಸರ್ಲೇ ಅದ. ಅಣ್ಣತಮ್ಮರ ನಡುವ ಕಾಗದ ಯಾಕ್ರೀ?”

ನಮ್ಮ ಕಡೆ ಹೀಗೇ. ಅಣ್ಣತಮ್ಮಂದಿರು ಬೇರೆಯಾದರು ಎಂದರೆ ಒಲೆ ಬೇರೆಯಾಯಿತು ಎಂದರ್ಥ. ನಡುವೆ ಒಂದು ಗೋಡೆ ಏಳುತ್ತದೆ, ಹಿಂದೆ ಒಂದು ಬಾಗಿಲು ತೆರೆಯುತ್ತದೆ. ಮನೆಯ ದಾಖಲೆಯಾದ ಉತಾರ ಮಾತ್ರ ಸತ್ತ ತಂದೆಯ ಹೆಸರಿನಲ್ಲೇ ಇರುತ್ತದೆ. ಊರಿಗೆಲ್ಲ ಗೊತ್ತಿರುವ ವಿಷಯ ಕಾಗದಕ್ಕೆ ಗೊತ್ತಿರುವುದಿಲ್ಲ. ಅರ್ಜಿಯಲ್ಲಿ ಎರಡು ಒಲೆ ಎಂದು ಬರೆದರೆ ಅದು ಎರಡು ಸಂಸಾರ. ಆಗ ಪಾಲುಪತ್ರ ಬೇಕು, ವಾರಸುದಾರಿಕೆಯ ಪತ್ರ ಬೇಕು, ನೋಂದಣಿ ಬೇಕು. ಆರು ತಿಂಗಳ ಕೆಲಸ. ಮೂವತ್ತೊಂದರೊಳಗೆ ಸಾವಿರದಿನ್ನೂರು ಮನೆ ಸೇರದಿದ್ದರೆ ಹೊಂಡಕ್ಕೆ ಬರಬೇಕಾಗಿದ್ದ ಹಣ ವಾಪಸು ಹೋಗುತ್ತಿತ್ತು. ಇದು ಸಾವಿರದ ನೂರ ಎಂಬತ್ತೆಂಟನೆಯದು.

“ಒಂದೇ ಅಂತ ಬರೀಲೇನ್ರಿ?”

“ಬರೀರಿ, ಬರೀರಿ. ಮಾಳಗಿ ಒಂದೇ ಇದ್ದಮ್ಯಾಲ ಥಂಡ ಆ ಕಡಿ ಹೋಗೂದಿಲ್ಲೇನು?”

ಅಣವೀರಪ್ಪ ಅದನ್ನು ನಂಬಿ ಹೇಳಿದರು. ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ತಂಪು ನೆಂಟರ ಹಾಗೆ ಗೋಡೆ ದಾಟಿ ಹೋಗುವುದಿಲ್ಲ. ಕವಾಟ ತೆರೆದ ಕಡೆ ಮಾತ್ರ ಹೋಗುತ್ತದೆ. ಆ ಕವಾಟಕ್ಕೆ ಅಪ್ಪಣೆ ಕೊಡುವುದು ನಾನು ತುಂಬುವ ಕಾಗದ. ನಾನು ಅದನ್ನು ಹೇಳಲಿಲ್ಲ. ‘ಹಿಂದಿನ ಮೂರು ಕೋಣೆ: ಉಗ್ರಾಣ’ ಎಂದು ಬರೆದೆ. ಅವರು ಸಹಿ ಮಾಡಿದರು. ಗೋಡೆಯ ಹಿಂದೆ ಸಪ್ಪಳ ಮತ್ತೆ ಶುರುವಾಯಿತು.

ಕಚೇರಿಗೆ ಮರಳುವಾಗ ಬಸ್ಸಿನಲ್ಲಿ ಕೂತು ಪೆನ್ಸಿಲಿನಿಂದ ಆ ಸಾಲು ಬರೆದುಕೊಂಡೆ. ಯೋಜನೆಯ ಎರಡನೆಯ ಹಂತದಲ್ಲಿ ಸರಿಪಡಿಸಿದರಾಯಿತು ಎಂದುಕೊಂಡೆ. ಪ್ರಶ್ನೆಯ ಚಿಹ್ನೆ ಹಾಕಿದ ಮೇಲೆ ಮನಸ್ಸಿಗೆ ಸಮಾಧಾನವಾದದ್ದು ನೆನಪಿದೆ.

*

ನಿಯಂತ್ರಣ ಕೊಠಡಿ ನಗರಸಭೆಯ ಎರಡನೆಯ ಮಹಡಿಯಲ್ಲಿದೆ. ಗೋಡೆಯಗಲದ ಪರದೆಯ ಮೇಲೆ ಪ್ರತಿ ಮನೆಗೂ ಒಂದು ಚುಕ್ಕೆ. ಹೊಂಡಕ್ಕೆ ತಂಪು ಕೊಡುತ್ತಿದ್ದರೆ ನೀಲಿ, ತಾನೇ ಬಳಸುತ್ತಿದ್ದರೆ ಹಳದಿ. 1188 ಮೊದಲ ದಿನದಿಂದಲೂ ಕಡುನೀಲಿ. ಏಳು ಕೋಣೆಯ ಮಾಳಿಗೆ, ನಾಲ್ಕು ಕೋಣೆಯ ಬಳಕೆ.

ಪೌರಾಯುಕ್ತ ಇನಾಮದಾರ ಸಾಹೇಬರು ಬಂದಾಗಲೆಲ್ಲ ಆ ಚುಕ್ಕೆಯನ್ನು ತೋರಿಸಿ ನಗುತ್ತಿದ್ದರು. “ನೋಡ್ರಿ ಮಹಾನಂದಾ, ಈ ಮನಿ ಬಡ್ಡಿನೂ ಬರ್ಫದಾಗ ಕಟ್ಲತ್ತದ.”

ಎರಡನೆಯ ವರ್ಷದ ಜನವರಿಯಲ್ಲಿ, ಅತಿ ಹೆಚ್ಚು ತಂಪು ಕೊಟ್ಟ ಮಾದರಿ ಮನೆ ಎಂದು ಅಣವೀರಪ್ಪನವರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಅವರು ಮೈಕಿನ ಮುಂದೆ ಸಂಕೋಚದಿಂದ, “ನಾವೇನೂ ಮಾಡಿಲ್ರೀ, ನಮ್ಮ ಮಾಳಗಿ ಮಾಡ್ಯಾದ” ಎಂದರು. ಎಲ್ಲರೂ ನಕ್ಕು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಹೊಡೆಯುವಾಗ ನಲವತ್ತೊಂದನೆಯ ಪುಟ ನೆನಪಾಯಿತು. ಎರಡನೆಯ ಹಂತ ಜೂನಿಗೆ ಶುರು, ಇನ್ನೈದೇ ತಿಂಗಳು ಎಂದು ಲೆಕ್ಕ ಹಾಕಿದೆ. ಆ ಐದರಲ್ಲಿ ಏಪ್ರಿಲ್ ಇದೆ, ಮೇ ಇದೆ ಎನ್ನುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ.

*

ನನ್ನ ಗಂಡ ರೇವಣಸಿದ್ಧ ಪ್ರೌಢಶಾಲೆಯಲ್ಲಿ ಗಣಿತದ ಮಾಸ್ತರ. ಪ್ರತಿ ಶನಿವಾರ ಮೂಲೆಯ ಅಂಗಡಿಯಿಂದ ಖಡಕ್ ರೊಟ್ಟಿಯ ಕಟ್ಟು ತರುವುದು ಅವನ ಕೆಲಸ. ಮೇ ತಿಂಗಳ ಮೂರನೆಯ ಶನಿವಾರ ಬ್ರೆಡ್ಡು ಹಿಡಿದುಕೊಂಡು ಬಂದ.

“ಇದೇನಿದು, ನನಗ ಜ್ವರ ಬಂದಾವೇನು ಬ್ರೆಡ್ ತಂದೀ?”

“ರೊಟ್ಟಿ ಇಲ್ಲಂತ. ರೊಟ್ಟಿ ಜಗದೇವಿ ದವಾಖಾನಿ ಸೇರ್ಯಾಳಂತ. ಮೊನ್ನಿ ಒಲಿ ಮುಂದನ ಬಿದ್ದಿದ್ಳಂತ, ಬಿಸಿಲ ಹೊಡದು.”

“ಯಾವ ಜಗದೇವಿ?”

“ನೀವು ಶಾಲು ಹೊಚ್ಚಿದ್ರಲ್ಲ ಅಣವೀರಪ್ಪಗ, ಅವನ ಹಿಂದಿನ ಮನ್ಯಾಕಿ. ಕಂಟ್ರೋಲ್ ರೂಮ್‌ನ್ಯಾಗ ಕುಂತು ಊರ ಮೈ ಕಾವೆಲ್ಲ ನೋಡ್ತಿ, ಇದು ಗೊತ್ತಿಲ್ಲೇನು ನಿನಗ?”

ಅವನು ತಮಾಷೆಗೆ ಅಂದದ್ದು. ನಾನು ಒಲೆಯ ಮೇಲಿನ ಪಲ್ಯ ಹಾಗೇ ಬಿಟ್ಟು ಚಪ್ಪಲಿ ಮೆಟ್ಟಿದೆ. ಎರಡು ವರ್ಷ ನಾವು ತಿಂದ ರೊಟ್ಟಿ ಆ ಗೋಡೆಯ ಹಿಂದಿನಿಂದ ಬರುತ್ತಿತ್ತು. ಅದೂ ನನಗೆ ಗೊತ್ತಿರಲಿಲ್ಲ.

ನಿಯಂತ್ರಣ ಕೊಠಡಿಯ ಪರದೆಯ ಮೇಲೆ 1188 ಎಂದಿನಂತೆ ನೀಲಿಯಾಗಿತ್ತು. ಉಗ್ರಾಣಗಳಲ್ಲಿ ನಾವು ತಾಪಮಾಪಕ ಇಡುವುದಿಲ್ಲ. ಹಾಗಾಗಿ ಸುತ್ತು ಹಾದಿಯಲ್ಲಿ ಲೆಕ್ಕ ಹಾಕಬೇಕಾಯಿತು. ಹಿಂದಿನ ಕೋಣೆಗಳ ಮೇಲಿನ ಮೇಣ ಎಷ್ಟು ಕಾದಿದೆ ಎಂದು ನೋಡಿದರೆ ಕೆಳಗಿನಿಂದ ಎಷ್ಟು ಕಾವು ಏರಿದೆ ಎಂದು ತಿಳಿಯುತ್ತದೆ. ಅವಳು ಬಿದ್ದ ದಿನ ಮಧ್ಯಾಹ್ನ ಹೊರಗೆ 48.6 ಡಿಗ್ರಿ. ಒಳಗೆ ಸುಮಾರು 47.

ಹಲಗೆ ಹಾಕುವ ಮೊದಲು ಕೆಲಸಗಾರರು ಪ್ರತಿ ಕೋಣೆಯ ತಾಪ ಬರೆದುಕೊಳ್ಳುತ್ತಾರೆ. ಆ ಪಟ್ಟಿ ತೆಗೆದೆ. ಎರಡು ವರ್ಷದ ಹಿಂದೆ ಅದೇ ಮೇ ತಿಂಗಳು, ಹೊರಗೆ 47, ಹಿಂದಿನ ಕೋಣೆಯಲ್ಲಿ 36. ಎರಡಡಿ ಮಣ್ಣು ಅಷ್ಟು ತಡೆದಿತ್ತು. ಒಲೆಯ ಕಾವು ಮೇಲಿನ ಬೆಳಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಮೇಣದ ತೊಟ್ಟಿ ಕೂರಿಸಲು ನಾವು ಆ ಮಣ್ಣನ್ನು ಕೆರೆದು ಇಳಿಸಿದೆವು. ಉಗ್ರಾಣಕ್ಕೆ ಬೆಳಕೇಕೆ ಎಂದು ಬೆಳಕಿಂಡಿಯ ಮೇಲೂ ಹಲಗೆ ಹೊದಿಸಿದೆವು. ಅವಳ ತಲೆಯ ಮೇಲಿನ ತಂಪನ್ನು ಬೆಳಗಾಗುವುದರೊಳಗೆ ಬಸಿದು ಹೊಂಡಕ್ಕೆ ಒಯ್ದೆವು.

ಮೂವತ್ತಾರಕ್ಕೂ ನಲವತ್ತೇಳಕ್ಕೂ ಹನ್ನೊಂದು ಡಿಗ್ರಿಯ ವ್ಯತ್ಯಾಸ. ಬಿಸಿಲಿನದು ಅದರಲ್ಲಿ ಒಂದೂವರೆ ಇರಬಹುದು. ಮಿಕ್ಕದ್ದು ನನ್ನದು.

ಮೂರು ಕವಾಟಗಳನ್ನೂ ತೆರೆಯಲು ಅಪ್ಪಣೆ ಕೊಟ್ಟೆ. ಯಂತ್ರ ಕಾರಣ ಕೇಳಿತು. ‘ಜನ ಇದ್ದಾರೆ’ ಎಂದು ಟೈಪು ಮಾಡಿದೆ. ಚುಕ್ಕೆ ಹಳದಿಗೆ ತಿರುಗಿತು. ಆ ಹೊತ್ತಿನಲ್ಲಿ ಆ ಕೋಣೆಗಳಲ್ಲಿ ಯಾರೂ ಇರಲಿಲ್ಲ.

*

ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ಅಣವೀರಪ್ಪ ನಿಂತಿದ್ದರು. ನನ್ನನ್ನು ನೋಡಿ ಮಗುವಿನಂತೆ ಹತ್ತಿರ ಬಂದರು.

“ಮೇಡಂರೀ, ಮಾಳಗಿ ಒಂದೇ ಅಲ್ರೀ? ಥಂಡ ಆ ಕಡಿ ಯಾಕ ಹೋಗ್ಲಿಲ್ಲ? ‘ಭಾವಾ, ಸೆಕಿ ಭಾಳ ಆಗ್ಲತ್ತದ’ ಅಂತ ಅಕಿ ಎರಡ ಸಲ ಅಂದಿದ್ಳು. ನಾನ ‘ನಮ್ಮ ಕಡಿ ಛೊಲೋ ಅದಲ್ಲವಾ, ಒಲಿ ಮುಂದ ಕುಂತ್ರ ಸೆಕಿ ಆಗದ ಏನಾಗ್ತದ’ ಅಂತ ಬೈದಿದ್ದೆ.”

“ನೋಡ್ತೀನ್ರಿ,” ಎಂದೆ. ಅವರನ್ನು ದಾಟಿ ಒಳಗೆ ಹೋದೆ.

ಜಗದೇವಿಗೆ ನಲವತ್ತರ ಆಸುಪಾಸು. ಮುಖ ನೋಡಿದ್ದು ಅದೇ ಮೊದಲು. ಜ್ವರ ಇಳಿದಿತ್ತು, ಮಾತು ಸ್ವಲ್ಪ ಎಳೆಯುತ್ತಿತ್ತು. ನಗರಸಭೆಯವಳು ಎಂದು ಹೇಳಿಕೊಂಡೆ. ಪಕ್ಕದಲ್ಲಿದ್ದ ನೀರಿನ ಲೋಟಕ್ಕೆ ಅವಳು ಕೈ ಚಾಚಿದಳು. ಕೈ ಲೋಟಕ್ಕೆ ಹೋಗದೆ ಒಂದು ಗೇಣು ಆಚೆ ಗಾಳಿಯನ್ನು ಹಿಡಿಯಿತು. ಮತ್ತೆ ಚಾಚಿದಳು. ಮತ್ತೆ ತಪ್ಪಿತು. ಮೈಯ ಕಾವು ಮಿತಿ ಮೀರಿದರೆ ಮೊದಲು ಸಾಯುವ ಜೀವಕೋಶಗಳಲ್ಲಿ ಕಿರುಮಿದುಳಿನವೂ ಇವೆ. ಕೈಗೆ ಗುರಿ ಹೇಳಿಕೊಡುವುದು ಅವೇ. ಎಷ್ಟು ಮರಳುತ್ತದೋ ಹೇಳಲಾಗದು ಎಂದು ವೈದ್ಯರು ಹೊರಗೆ ತಿಳಿಸಿದ್ದರು. ಲೋಟವನ್ನು ನಾನೇ ಅವಳ ಬಾಯಿಗೆ ಹಿಡಿದೆ.

“ಇಲ್ಲಿ ಎಷ್ಟ ಥಂಡ ಅದ ನೋಡ್ರಿ ಮೇಡಂರೀ,” ಎಂದಳು ನೀರು ಕುಡಿದು. “ಎಲ್ಲಿಂದ ಬರ್ತದ್ರೀ ಇದು?”

“ಹೊಂಡದಿಂದ.”

“ಹೊಂಡಕ್ಕ ಎಲ್ಲಿಂದ?”

“ಮನಿಗಳಿಂದ.”

ಅವಳು ಕಣ್ಣು ಮುಚ್ಚಿಕೊಂಡಳು. “ಯಾರ್ಯಾರ ಮನೀದೋ ಏನೋ. ಕೊಟ್ಟವರ ಹೊಟ್ಟಿ ತಣ್ಣಗಿರ್ಲಿ.”

ನಾನು ಎದ್ದು ಬಂದೆ.

*

ಇನಾಮದಾರ ಸಾಹೇಬರು ಕೆಟ್ಟವರಲ್ಲ. ಎಲ್ಲ ಕೇಳಿ, ಕನ್ನಡಕ ತೆಗೆದಿಟ್ಟು, ಕಣ್ಣು ಒರೆಸಿಕೊಂಡರು.

“ಅರ್ಜಿದಾರ ಸುಳ್ಳ ಹೇಳ್ಯಾನ, ಸಹಿನೂ ಮಾಡ್ಯಾನ. ಅವನ ಸಾಲ ರದ್ದ ಮಾಡಿ ಹಲಗಿ ಇಳಿಸೋಣು. ನಿಮ್ಮ ಹೆಸರ ಬರೂದಿಲ್ಲ.”

“ಅವರು ಸುಳ್ಳ ಹೇಳ್ಳಿಲ್ಲ ಸರ್. ಒಲಿ ಬ್ಯಾರೆ ಅಂತ ಅಂದಿದ್ರು. ಒಂದೇ ಅಂತ ಬರದದ್ದು ನಾನು.”

“ಮಹಾನಂದಾ, ಅವನ ತಪ್ಪಂದ್ರ ಒಂದು ಮನಿ. ನಿಮ್ಮ ತಪ್ಪಂದ್ರ ಸಾವಿರದಿನ್ನೂರು ಮನಿ ತಿರಗಿ ನೋಡಬೇಕು. ಎಷ್ಟ ಗ್ವಾಡಿ ಹಿಂದ ಎಷ್ಟ ಒಲಿ ಅದಾವೋ! ಅವಕ್ಕೆಲ್ಲ ಥಂಡ ಬಿಟ್ರ ಹೊಂಡ ಇಳೀತದ. ಆಗ ದವಾಖಾನ್ಯಾಗ ಯಾವ ವಾರ್ಡ್ ಬಂದ್ ಮಾಡ್ಲಿ? ನೀವೇ ಹೇಳ್ರಿ.”

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

“ನಿಮ್ಮ ಪುಸ್ತಕದಾಗ ಏನೂ ಬರದಿಲ್ಲಲ್ಲ?” ಎಂದು ಮೆಲ್ಲಗೆ ಕೇಳಿದರು.

“ನೋಡಿ ಹೇಳ್ತೀನ್ರಿ ಸರ್.”

ಸಂಜೆ ಮನೆಯಲ್ಲಿ ನಲವತ್ತೊಂದನೆಯ ಪುಟ ತೆರೆದು ಕೂತೆ. ಮೇಜಿನ ಮೇಲೆ ರೇವಣಸಿದ್ಧನ ರಬ್ಬರು ಇತ್ತು. ತೆಗೆದುಕೊಂಡೆ. ಬಲಗಡೆಯ ತುದಿಯಿಂದ ಶುರು ಮಾಡಿದೆ. ಪ್ರಶ್ನೆಯ ಚಿಹ್ನೆ ಸುಲಭವಾಗಿ ಹೋಯಿತು.

“ಏನ ಅಳಸ್ಲತ್ತಿ?” ಪರೀಕ್ಷೆಯ ಪೇಪರು ತಿದ್ದುತ್ತಿದ್ದ ಅವನು ತಲೆಯೆತ್ತಿದ.

“ಏನಿಲ್ಲ.”

“ಒತ್ತಿ ಬರದದ್ದು ಅಳಿಸಿದ್ರ ಹೋಗಲ್ಲ ನೋಡು. ಹುಡುಗ್ರು ಅಳಸ್ತಾರ, ನಾ ಬೆಳಕಿಗಿ ಅಡ್ಡ ಹಿಡದು ಓದ್ತೀನಿ.”

ಅವನು ತನ್ನ ಕೆಲಸಕ್ಕೆ ಮರಳಿದ. ನನ್ನ ಕೈ ಅಲ್ಲಿಗೇ ನಿಂತಿತು. ಪುಟ ನೋಡಿದೆ. ‘1188 — ಹಿಂದೆ ಒಲೆ’ ಎಂದಿತ್ತು. ನನಗೆ ಅಂದು ಸಂದೇಹವೇ ಇರಲಿಲ್ಲ. ಸಪ್ಪಳ ಕೇಳಿದ್ದೆ, ಹೆಸರು ಕೇಳಿದ್ದೆ. ಆ ಪುಟದಲ್ಲಿದ್ದ ಒಂದೇ ಒಂದು ಸುಳ್ಳು ಎಂದರೆ ಪ್ರಶ್ನೆಯ ಚಿಹ್ನೆ. ಅದು ಅಳಿಸಿಹೋಗಿತ್ತು. ರಬ್ಬರನ್ನು ಕೆಳಗಿಟ್ಟೆ.

*

ಮರುವಾರ ಜಗದೇವಿ ಮನೆಗೆ ಬಂದಳು. ಮೊದಲ ಸಲ ಹಿಂದಿನ ಓಣಿಯಿಂದ, ಅವಳ ಬಾಗಿಲಿನಿಂದ ಒಳಗೆ ಹೋದೆ. ಕೋಣೆ ತಂಪಾಗಿತ್ತು. ಒಲೆಯ ಪಕ್ಕದಲ್ಲಿ ಹಿಟ್ಟು ನಾದುವ ಕೊಣಮಗೆ, ಜೋಳದ ಹಿಟ್ಟಿನ ಡಬ್ಬಿ. ಅಣವೀರಪ್ಪನವರ ಹೆಂಡತಿ ರೊಟ್ಟಿ ಬಡಿಯುತ್ತ ಕೂತಿದ್ದಳು. ಗೋಡೆಗೆ ಒರಗಿ ಕೂತ ಜಗದೇವಿ ಮಾತಿನಲ್ಲೇ ತಿದ್ದುತ್ತಿದ್ದಳು. “ಯಕ್ಕಾ, ಅಂಚು ಒಡೀಲತ್ತದ ನೋಡು. ಅಂಗೈಲೆ ಬಡಿ. ನೀ ಬಡಿಯೂದು ರೊಟ್ಟಿ, ಸೊಸಿಯಲ್ಲ.”

ಅಕ್ಕ ನಕ್ಕಳು. ನಾನು ನಗಲಿಲ್ಲ. ಕೂತು, ಒಂದೂ ಬಿಡದೆ ಹೇಳಿದೆ: ಕವಾಟ, ಉಗ್ರಾಣ, ಮಣ್ಣು, ಬೆಳಕಿಂಡಿ. ಆಸ್ಪತ್ರೆಯಲ್ಲಿ ಅವಳು ಹರಸಿದ್ದು ತನ್ನನ್ನೇ ಎನ್ನುವುದನ್ನೂ ಹೇಳಿದೆ. ನಾಳೆ ಕಚೇರಿಯಲ್ಲಿ ಬರೆದುಕೊಡುತ್ತೇನೆ ಎಂದೆ. ರೊಟ್ಟಿಯ ಸಪ್ಪಳ ಯಾವಾಗಲೋ ನಿಂತಿತ್ತು.

ಜಗದೇವಿ ತನ್ನ ಕೈಗಳನ್ನು ನೋಡಿಕೊಂಡಳು.

“ಅವತ್ತ ನಿಮ್ಮ ದನಿ ಕೇಳೀನ್ರಿ ನಾ,” ಎಂದಳು. “‘ಈ ಗ್ವಾಡಿ ಹಿಂದ ಯಾರಿದ್ದಾರ’ ಅಂದ್ರಿ. ನಾ ಕೈ ನಿಲ್ಲಿಸ್ದೆ. ಈಗ ಸುತ್ತ ಹಾಕಿ ಬರ್ತಾರ, ಬಾಗಲದಾಗ ಹಿಟ್ಟಿನ ಕೈಲೆ ಹ್ಯಾಂಗ ನಿಲ್ಲೂದು ಅಂತ ಕೈ ತೊಳಕೊಂಡು ಕುಂತೆ. ನೀವು ಬರ್ಲಿಲ್ಲ. ಹಿಟ್ಟು ಆರ್ಲತ್ತಿತ್ತು. ಮತ್ತ ಬಡಿಯಾಕ ಹತ್ತಿದೆ.”

ಬೈಯಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ. “ಯಕ್ಕಾ, ಹಂಚ ಕಾದದ,” ಎಂದಳು.

*

ಪುಸ್ತಕವನ್ನು ಸಾಹೇಬರ ಮೇಜಿನ ಮೇಲಿಟ್ಟೆ. ಮೂರು ತಿಂಗಳು ಅಮಾನತಿನಲ್ಲಿದ್ದೆ. ವಿಚಾರಣೆ ಮುಗಿದ ಮೇಲೆ ನನ್ನನ್ನು ಕೆಳಗಿನ ಹುದ್ದೆಗೆ, ಮನೆ ಮನೆ ತಿರುಗುವ ಸರ್ವೆಗೆ ಹಾಕಿದರು. ನಾನು ಕೇಳಿ ಪಡೆದದ್ದೂ ಅದನ್ನೇ. 1188ರ ಸಾಲವನ್ನು ಎರಡು ಮಾಡಿದರು. ಎರಡು ವರ್ಷ ಹರಿದ ಜಗದೇವಿಯ ತಂಪನ್ನು ಅವಳ ಕಂತಿಗೇ ಹಿಡಿದರು. ಇನ್ನು ಹತ್ತು ವರ್ಷಕ್ಕೆ ಅವಳು ಕೊಡಬೇಕಾದದ್ದು ಹೆಚ್ಚೇನೂ ಉಳಿದಿಲ್ಲ. ಕೈ ಮಾತ್ರ ಅರ್ಧಕ್ಕಷ್ಟೇ ಮರಳಿದೆ. ಲೋಟ ಕೈಗೆ ಸಿಗುತ್ತದೆ, ರೊಟ್ಟಿ ಬಡಿಯಲು ಬರುವುದಿಲ್ಲ.

ಇವತ್ತಿನವರೆಗೆ ಎಂಬತ್ತಮೂರು ಗೋಡೆಗಳ ಹಿಂದೆ ಒಲೆಗಳು ಸಿಕ್ಕಿವೆ. ಸಾಹೇಬರು ಹೇಳಿದ್ದು ಸುಳ್ಳಾಗಲಿಲ್ಲ: ಹೊಂಡ ಇಳಿದಿದೆ. ಆಸ್ಪತ್ರೆಯ ಹೊರರೋಗಿಗಳ ಪಡಸಾಲೆಗೆ ಮಧ್ಯಾಹ್ನ ತಂಪು ಬಿಡುವುದನ್ನು ನಿಲ್ಲಿಸಿದ್ದಾರೆ. ಅಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ ಕೂತವರು ನನ್ನ ಹೆಸರು ಹಿಡಿದು ಬೈಯುತ್ತಾರೆಂದು ಕೇಳಿದ್ದೇನೆ. ಅವರ ಮಾತೂ ನಿಜವೇ. ಹೊಸ ಹಲಗೆಗಳು ಬರುವುದಕ್ಕೆ ಇನ್ನೊಂದು ವರ್ಷವಿದೆ.

ಹೊಸ ಅರ್ಜಿಯಲ್ಲಿ ‘ಒಲೆಗಳು ಎಷ್ಟು?’ ಎಂಬ ಕಾಲಂ ಸೇರಿಸಿದ್ದಾರೆ. ಆದರೆ ನಾನು ಅದನ್ನು ಮೊದಲಿಗೆ ಕೇಳುವುದಿಲ್ಲ. ಒಳಗೆ ಹೋಗಿ, ಅವರು ಕೊಟ್ಟ ನೀರು ಕುಡಿದು, ಕೊನೆಯ ಗೋಡೆಯವರೆಗೆ ನಡೆದು ಸುಮ್ಮನೆ ನಿಲ್ಲುತ್ತೇನೆ. ಸಪ್ಪಳ ಕೇಳಿದರೆ ಓಣಿ ಸುತ್ತಿ ಹಿಂದಿನ ಬಾಗಿಲಿಗೆ ಹೋಗುತ್ತೇನೆ. ಏನೂ ಕೇಳದ ಮನೆಗಳಲ್ಲಿ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತೇನೆ. ಆಚೆ ಯಾರಾದರೂ ಕೈ ತೊಳೆದುಕೊಂಡು ಕಾಯುತ್ತಿರಬಹುದು.